ಗಾಲಿಗೆ ಕೊಟ್ಟ ಕಲ್ಲು

"ಕಲ್ಲು!" ಎಂದು ಕೂಗಿದ ಗೌರೀಶ್, ಸ್ಟಿಯರಿಂಗಿನಿಂದ ಕೈ ತೆಗೆಯದೆ.

ಎಡಗಡೆ ಸೀಟಿನಲ್ಲಿದ್ದ ವಕೀಲೆ ಹೇಮಶ್ರೀ ಅವನ ಮುಖ ನೋಡಿದಳು.

"ನಿಮ್ಗೇ ಮೇಡಂ. ಎಡಗಡೆ ಕೂತೋರದ್ದೇ ಈ ಡ್ಯೂಟಿ. ಇಳ್ದು, ಮುಂದಿನ ಗಾಲಿ ಕೆಳಗಿರೋ ಕಲ್ಲು ತೆಗೀರಿ. ಬ್ರೇಕ್ ಮೇಲೆ ಕಾಲಿಟ್ಟಿದೀನಿ, ಹೆದರ್ಬೇಡಿ."

"ಹ್ಯಾಂಡ್ ಬ್ರೇಕ್ ಇಲ್ವಾ ಇದಕ್ಕೆ?"

"ಇದೆ. ಅದು ಆರ್.ಟಿ.ಓ.ಗೆ ತೋರ್ಸೋಕೆ. ಗಾಡಿ ನಿಲ್ಸೋಕೆ ಕಲ್ಲು."

ಬಸವನಗುಡಿಯ ಇಳಿಜಾರಿನಲ್ಲಿ, ದೊಡ್ಡ ಗಣಪತಿ ಗುಡಿಯಿಂದ ತುಸು ಆಚೆ, 'ಹಳೇ ಗಾಲಿ ಬಳಗ'ದ ಕಾರುಗಳು ಒಂದರ ಹಿಂದೊಂದು ಮೂತಿ ಕೆಳಗೆ ಮಾಡಿ ನಿಂತಿದ್ದವು. ಪ್ರತಿಯೊಂದರ ಬಾನೆಟ್ಟಿಗೂ ವಿಭೂತಿಯ ಮೂರು ಪಟ್ಟೆ. ಇವತ್ತು ಹಾಡಿಲ್ಲ, ಹಾರ್ನಿಲ್ಲ, ಫೋಟೋದವರ ಗದ್ದಲವಿಲ್ಲ. ಹೋದ ತಿಂಗಳ ಸವಾರಿಯಲ್ಲಿ ಮಂಚನಬೆಲೆಯ ಇಳಿಜಾರಿನಿಂದ ಕಾರಿನ ಸಮೇತ ಉರುಳಿ ಲಿಂಗೈಕ್ಯರಾದ ಗಂಗಾಧರಯ್ಯನವರ ನೆನಪಿಗೆ ಇವತ್ತು ಮತ್ತೆ ಅದೇ ದಾರಿಯ ಸವಾರಿ.

ಹೇಮಶ್ರೀ ಇಳಿದಳು. ಮೋಟಾರು ಅಪಘಾತದ ಕೇಸುಗಳಲ್ಲೇ ತಲೆಗೂದಲು ಬೆಳ್ಳಗೆ ಮಾಡಿಕೊಂಡ ಹೆಂಗಸು, ಗಾಲಿಯ ಕೆಳಗೆ ಕೈ ಹಾಕಿದ್ದು ಇದೇ ಮೊದಲು. ಬಗ್ಗಿ ಎಳೆದಳು. ಕಲ್ಲು ಬಂತು. ಅದನ್ನು ಚರಂಡಿಯ ಪಕ್ಕಕ್ಕೆ ಎಸೆದು ಕೈ ಕೊಡವಿಕೊಂಡಳು.

"ಅಯ್ಯಯ್ಯೋ! ಹಂಗೆಲ್ಲ ಬಿಸಾಕಂಗಿಲ್ಲ ಮೇಡಂ! ಎತ್ಕೊಳಿ, ಎತ್ಕೊಳಿ. ಡಿಕ್ಕಿ ತೆಗ್ದು ಗೋಣಿಚೀಲದೊಳಗಿಡಿ. ಇಟ್ಟು ಡಿಕ್ಕಿ ಮೇಲೆ ಎರಡು ಸಲ ತಟ್ಟಿ. ಆಮೇಲೇ ನಾನು ಬ್ರೇಕಿಂದ ಕಾಲು ತೆಗೆಯೋದು."

ಹಿಂದಿನ ಕಾರಿನವರು ನಕ್ಕರೇನೋ ಎಂದು ಹೇಮಶ್ರೀ ತಿರುಗಿ ನೋಡಿದಳು. ಯಾರೂ ನಗಲಿಲ್ಲ. ಹೇಳಿದಂತೆ ಮಾಡಿ, ಎರಡು ಸಲ ತಟ್ಟಿ, ಬಂದು ಕೂತಳು. ಗೌರೀಶನ ಹಸಿರು ಮೋರಿಸ್ ಮೈನರ್ ಗೊರಗುಟ್ಟುತ್ತ ಕೆಳಗಿಳಿಯಿತು.

"ಬಳಗ ಶುರುವಾದ ಹೊಸದ್ರಲ್ಲಿ ನಮ್ಮೋನೊಬ್ಬ ಕಲ್ಲು ರಸ್ತೇಲೇ ಬಿಟ್ಟು ಹೊರಟ್ಬಿಟ್ಟ. ಹಿಂದೆ ಬಂದ ಸ್ಕೂಟರಿನೋನು ತಗಲ್ಕೊಂಡು ಬಿದ್ದು ಕಾಲು ಕಳ್ಕೊಂಡ. ಅವತ್ತೇ ಗಂಗಾಧರಯ್ಯನೋರು ರೂಲ್ ಮಾಡಿದ್ರು. ಕಲ್ಲು ಗಾಲಿ ಕೆಳಗಿರ್ಬೇಕು, ಇಲ್ಲಾ ಡಿಕ್ಕಿಯೊಳಗಿರ್ಬೇಕು. ಇನ್ನೊಂದು ಜಾಗ ಇಲ್ಲ ಅದಕ್ಕೆ. ಈಗ ನಮ್ಮನ್ನ ನಿದ್ದೇಲಿ ಎಬ್ಬಿಸಿ ಕೈಗೆ ಕಲ್ಲು ಕೊಟ್ರೂ ಕಾಲು ತಾನಾಗೇ ಡಿಕ್ಕಿ ಕಡೆ ಹೋಗುತ್ತೆ."

ಹೇಮಶ್ರೀ ತಾನು ಕಲ್ಲು ಎಸೆದ ಕೈಯನ್ನೇ ನೋಡಿಕೊಂಡಳು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರಂತೆ, ಆ ಕತೆಯಾಯಿತೇ ತನ್ನದು ಎನ್ನಿಸಿತು.

ಗಂಗಾಧರಯ್ಯನವರ ಕಾರನ್ನು ಕ್ರೇನು ಮೇಲೆತ್ತಿದಾಗ ಅದರ ಕಲ್ಲು ಡಿಕ್ಕಿಯೊಳಗಿತ್ತು. ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ, ಎಂದಿನ ಮೂಲೆಯಲ್ಲಿ ಕಟ್ಟಿಟ್ಟ ಹಾಗೇ ಇತ್ತು. ಜನಕ್ಕೆ ಅಷ್ಟು ಸಾಕಾಯಿತು. ಟಿಫನ್ನಿಗೆ ನಿಲ್ಲಿಸಿದಾಗ ಗಂಗಾಧರಯ್ಯನವರು ಕಾರಿನಲ್ಲೇ ಉಳಿದಿದ್ದರು. ಕಲ್ಲು ಡಿಕ್ಕಿಯಲ್ಲಿದ್ದರೆ ಗಾಲಿಗೆ ಕೊಟ್ಟೇ ಇಲ್ಲ. ಕೊಡಬೇಕಾದವಳು ಎಡಗಡೆ ಸೀಟಿನಲ್ಲಿದ್ದ ಮೊಮ್ಮಗಳು ಶರಣ್ಯ. ಅಲ್ಲಿಗೆ ಅಜ್ಜನನ್ನು ಕೊಂದದ್ದು ಮೊಮ್ಮಗಳ ಮರೆವು ಎಂದು ಚಾಮರಾಜಪೇಟೆಯ ನೆಂಟರಿಷ್ಟರಿಂದ ಹಿಡಿದು ಠಾಣೆಯ ಇನ್ಸ್‌ಪೆಕ್ಟರ್‌ವರೆಗೆ ಎಲ್ಲರೂ ತೀರ್ಮಾನಿಸಿಬಿಟ್ಟಿದ್ದರು. ನಾಳೆ ಅವಳು ಠಾಣೆಗೆ ಹೋಗಿ ಹೇಳಿಕೆಗೆ ಸಹಿ ಹಾಕಬೇಕು. ಹಾಕಿದರೆ ಆ ಸಾವು ಬದುಕಿರುವವರೆಗೂ ಅವಳ ಹೆಸರಿಗೇ.

ದಂತವೈದ್ಯಕೀಯ ಓದುತ್ತಿರುವ ಹುಡುಗಿ. ಅವತ್ತಿನಿಂದ ಕಾಲೇಜಿಗೆ ಹೋಗಿಲ್ಲ. ತಟ್ಟೆಯ ಮುಂದೆ ಕೂತರೆ ಅನ್ನ ಕಲಸುತ್ತಾಳೆ, ತಿನ್ನುವುದಿಲ್ಲ. ಅಜ್ಜಿ ಶೈಲಜಮ್ಮ ಅದನ್ನು ನೋಡಲಾರದೆ ಹೇಮಶ್ರೀಯ ಆಫೀಸಿನ ಮೆಟ್ಟಿಲು ಹತ್ತಿದ್ದರು. "ಯಜಮಾನರು ಹೋದ್ರು, ಅದು ಶಿವನ ಇಚ್ಛೆ. ಈ ಮಗೂನೂ ಅವರ ಹಿಂದೇನೇ ಹೋಗ್ಬಿಡುತ್ತೇನೋ ಅಂತ ನಂಗೆ ಭಯ ಕಣಮ್ಮ" ಎಂದಿದ್ದರು.

ಇವತ್ತು ಹೊರಡುವ ಮೊದಲು ಹೇಮಶ್ರೀ ಶರಣ್ಯಳ ಹತ್ತಿರ ಹೋಗಿದ್ದಳು. ಅವಳು ಅಪ್ಪ ಪ್ರಭುದೇವನ ಹೊಸ ಕಾರಿನಲ್ಲಿ, ಹಿಂದಿನ ಸೀಟಿನಲ್ಲಿ, ಅಜ್ಜಿಯ ಪಕ್ಕ ಕೂತಿದ್ದಳು. ಮುಂದೆ ಕೂರು ಎಂದರೆ ಒಪ್ಪಿರಲಿಲ್ಲ.

"ಇಟ್ಟೆ ಮೇಡಂ. ಇಟ್ಟೆ ಅಂತ್ಲೇ ಅನ್ಸುತ್ತೆ. ಆದ್ರೆ ಕೆಂಗೇರಿಲಿ ಕಾಫಿಗೆ ನಿಲ್ಸಿದಾಗ ಇಟ್ಟಿದ್ದೆ, ದೊಡ್ಡ ಆಲದಮರದ ಹತ್ರ ಇಟ್ಟಿದ್ದೆ. ನಂಗೆ ನೆನಪಿಗೆ ಬರ್ತಿರೋದು ಯಾವ್ದು, ಅಲ್ಲಿದ್ದಾ, ಬೆಟ್ಟದ್ದಾ? ಎಷ್ಟು ಯೋಚ್ನೆ ಮಾಡಿದ್ರೂ ಬರೀ ನನ್ ಕೈ ಕಾಣುತ್ತೆ, ಕಲ್ಲು ಕಾಣುತ್ತೆ. ಜಾಗ ಕಾಣಲ್ಲ."

"ಟಿಫನ್ ಬಡಿಸ್ತಿದ್ಯಲ್ಲ, ಆಗ ಏನಾದ್ರೂ ಕೇಳಿಸ್ತಾ?"

"ಡಿಕ್ಕಿ ತಟ್ಟಿದ ಸದ್ದು ಕೇಳಿಸ್ದಂಗಾಯ್ತು. ಯಾರೋ ಹೊರಡ್ತಿದಾರೆ ಅಂದ್ಕೊಂಡೆ. ಅದೂ ನಾನೇ ಈಗ ಕಟ್ಕೊಂಡಿರೋ ಕತೆ ಇರ್ಬೋದು." ಅವಳು ಅಜ್ಜಿಯ ಕೈ ಹಿಡಿದುಕೊಂಡಳು. "ಮೇಡಂ, ನೀನು ಇಟ್ಟಿದ್ದೆ ಕಣೇ ಅಂತ ನೋಡಿದೋರು ಒಬ್ರು ಹೇಳಿದ್ರೆ ಸಾಕು. ಇನ್ನೇನೂ ಬೇಡ ನಂಗೆ."

ಪ್ರಭುದೇವ ಆಗಲೇ ಹೇಮಶ್ರೀಯನ್ನು ಪಕ್ಕಕ್ಕೆ ಕರೆದಿದ್ದ. ತರಗುಪೇಟೆಯಲ್ಲಿ ಬೇಳೆಕಾಳಿನ ಸಗಟು ಅಂಗಡಿ ನಡೆಸುವವನು. ದನಿ ಎತ್ತಿ ಮಾತಾಡುವ ಜಾತಿಯಲ್ಲ. "ಮೇಡಂ, ಅಮ್ಮನ ಸಮಾಧಾನಕ್ಕೆ ನೀವು ಬಂದಿದೀರ, ಸಂತೋಷ. ಆದ್ರೆ ನನ್ ಮಗಳದ್ದು ಮರೆವು, ಕೊಲೆ ಅಲ್ಲ. ನಾಳೆ ಒಪ್ಕೊಂಡು ಸೈನ್ ಮಾಡಿದ್ರೆ ಜಡ್ಜೂ ಕನಿಕರ ತೋರಿಸ್ತಾರೆ. ಎಳೆದಷ್ಟೂ ಅವಳಿಗೇ ನೋವು."

ಹೆತ್ತವನ ಮಾತು. ಅದರಲ್ಲಿ ತಪ್ಪೇನೂ ಹೇಮಶ್ರೀಗೆ ಕಂಡಿರಲಿಲ್ಲ. ಮಗಳ ಕೈಗೆ ನೀರಿನ ಬಾಟಲಿ ಕೊಟ್ಟು, ತಾಯಿಯ ಕಡೆಯ ಗಾಜು ಏರಿಸಿ, ಅವನು ಸವಾರಿಯ ಸಾಲಿನ ಕೊನೆಗೆ ತನ್ನ ಕಾರು ನಿಲ್ಲಿಸಿಕೊಂಡಿದ್ದ.

ಚಾಮರಾಜಪೇಟೆ ದಾಟಿ ಮೈಸೂರು ರಸ್ತೆಗೆ ಬೀಳುವ ಹೊತ್ತಿಗೆ ಗೌರೀಶ್ ಗೊಣಗತೊಡಗಿದ. ಬಳಗದವರು ಮೋರಿಸಿನ ಮುಂದೆ ಒಂದು ಕಾರಿನಷ್ಟು ಜಾಗ ಖಾಲಿ ಬಿಟ್ಟುಕೊಂಡು ಹೋಗಬೇಕೆಂದು ಮಾತಾಡಿಕೊಂಡಿದ್ದರು. ಅದು ಗಂಗೆಯ ಜಾಗ. ಗಂಗೆ ಎಂದರೆ ಗಂಗಾಧರಯ್ಯನವರ ಕೆನೆಬಣ್ಣದ ಕಾರು. 'ಗಂಗಾಧರನ ತಲೆ ಮೇಲೆ ಗಂಗೆ ಇರ್ಬೇಕಲ್ವಾ?' ಎಂದು ಯಾರಾದರೂ ರೇಗಿಸಿದರೆ 'ನನ್ ಕಾಲದಲ್ಲಿ ನಾನೇ ಗಂಗೆ ಒಳಗಿದೀನಿ ಕಣಯ್ಯ' ಎನ್ನುತ್ತಿದ್ದರಂತೆ.

ಬೆಂಗಳೂರಿನ ರಸ್ತೆಯಲ್ಲಿ ಸತ್ತವರಿಗೆ ಜಾಗ ಕಾಯುವುದು ಹುಡುಗಾಟವೇ? ಆಟೋ ನುಗ್ಗಿತು. ಆಟೋ ಹೋದರೆ ಬೈಕು, ಬೈಕು ಹೋದರೆ ನೀರಿನ ಟ್ಯಾಂಕರು. ಪ್ರತಿ ಸಲವೂ ಗೌರೀಶ್ ತಾಳ್ಮೆಯಿಂದ ಹಿಂದೆ ಸರಿದು ಮತ್ತೆ ಅಷ್ಟೇ ಜಾಗ ಮಾಡಿಕೊಡುತ್ತಿದ್ದ. ಕೆಂಗೇರಿ ದಾಟಿ ಮರಗಳ ನೆರಳು ಸಿಕ್ಕ ಮೇಲಷ್ಟೇ ಆ ಖಾಲಿ ಜಾಗ ಖಾಲಿಯಾಗಿ ಉಳಿಯಿತು. ಅದನ್ನು ನೋಡುತ್ತ ಅವನ ಕಣ್ಣು ಒದ್ದೆಯಾದದ್ದು ಹೇಮಶ್ರೀಗೆ ಕಂಡಿತು. ಈ ಮನುಷ್ಯ ನಾಟಕ ಆಡುತ್ತಿಲ್ಲ. ಬಳಗದವರ ಮೇಲೇ ಅನುಮಾನ ಹುಟ್ಟಿದ್ದ ಅವಳನ್ನು ಅದೇ ಹೆಚ್ಚು ಕಾಡಿತು.

"ನೀವು ಡ್ರೈವಿಂಗ್ ಕಲ್ತಿದ್ದೇ ಗಂಗೇಲಂತೆ?"

"ಹೂಂ ಮೇಡಂ. ಮಲ್ಲೇಶ್ವರದಿಂದ ಬಸ್ಸಲ್ಲಿ ಬಂದು ಅವ್ರ ಶೆಡ್ಡಿನ ಮುಂದೆ ನಿಂತ್ಕೋತಿದ್ದೆ. ಆಗ ನಮ್ದು ಸೈಟ್ ಬಿಸಿನೆಸ್ಸೂ ಇಲ್ಲ, ಏನೂ ಇಲ್ಲ. ಪಕ್ಕದಲ್ಲಿ ಕೂರ್ಸಿಕೊಂಡು ಕಲ್ಸಿದ್ರು. ಅಪ್ಪ ಮಾಡದ್ದು ಅವ್ರು ಮಾಡಿದ್ರು."

"ಅದರ ಡಿಕ್ಕಿ ತೆಗೆಯೋಕೆ ಬಹಳ ಕಷ್ಟ ಅಂತೆ."

"ಕಷ್ಟ ಏನಿಲ್ಲ. ಮೊಣಕಾಲಲ್ಲಿ ಒತ್ಕೊಂಡು ಹಿಡಿ ಉಲ್ಟಾ ತಿರುಗಿಸ್ಬೇಕು, ಅಷ್ಟೇ. ಗೊತ್ತಿಲ್ದೋರು ಒದ್ದಾಡ್ತಾರೆ."

"ಪೊಲೀಸ್ನೋರೂ ಒದ್ದಾಡಿದ್ರು. ಕೊನೆಗೆ ಸಲಾಕೆ ಹಾಕಿ ಎಬ್ಬಿಸಿದ್ರು."

ಗೌರೀಶ್ ಗೇರು ಬದಲಾಯಿಸಿದ. ಬದಲಾಯಿಸುವ ಅಗತ್ಯವಿರಲಿಲ್ಲ. ಕಾರು ಒಮ್ಮೆ ಮುಗ್ಗರಿಸಿತು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಎಷ್ಟೋ ಮಂದಿಯನ್ನು ಹೇಮಶ್ರೀ ಕೋರ್ಟಿನಲ್ಲಿ ಕಂಡಿದ್ದಳು. ಆದರೆ ಅವರು ಯಾರೂ ಸತ್ತವನಿಗಾಗಿ ರಸ್ತೆಯಲ್ಲಿ ಜಾಗ ಕಾದವರಲ್ಲ. ಅವಳು ಕಿಟಕಿಯ ಹೊರಗೆ ನೋಡತೊಡಗಿದಳು. ದೂರದಲ್ಲಿ ಸಾವನದುರ್ಗದ ಬೋಳುಬಂಡೆ ಬಿಸಿಲಿಗೆ ಹೊಳೆಯುತ್ತಿತ್ತು.

ಬೆಟ್ಟದ ತಿರುವಿನಲ್ಲಿ ಕಾರುಗಳು ನಿಂತವು. ಕೆಳಗೆ ಮಂಚನಬೆಲೆಯ ನೀರು ಹರಡಿಕೊಂಡಿತ್ತು. ರಸ್ತೆ ಇಳಿಜಾರು. ಇಳಿಜಾರಿನ ಕೊನೆಗೆ ರಸ್ತೆ ಬಲಕ್ಕೆ ತಿರುಗುತ್ತದೆ, ತಿರುಗದ ಗಾಡಿ ನೇರ ಪೊದೆಗಳ ಮೇಲೆ ಹಾದು ಬಂಡೆಗಳಿಗೆ ಬೀಳುತ್ತದೆ. ಮುರಿದ ಪೊದೆಗಳಲ್ಲಿ ಹೊಸ ಚಿಗುರು ಬಂದಿತ್ತು. ಅವತ್ತು ಎಲ್ಲರೂ ಟಿಫನ್ನಿಗೆ ಕೂತಿದ್ದ ಹೊಂಗೆಮರ ತಿರುವಿನ ಮೇಲ್ಗಡೆ, ಬಂಡೆಯ ಮರೆಯಲ್ಲಿತ್ತು. ಅಲ್ಲಿಂದ ಗಂಗೆ ನಿಂತಿದ್ದ ಜಾಗ ಕಾಣುವುದಿಲ್ಲ.

"ಕಲ್ಲು" ಎಂದ ಗೌರೀಶ್, ಈ ಸಲ ಮೆಲ್ಲಗೆ.

ಹೇಮಶ್ರೀ ಇಳಿದು, ಡಿಕ್ಕಿ ತೆಗೆದು, ಗಾಲಿಗೆ ಕಲ್ಲು ಕೊಟ್ಟಳು.

ಬಳಗದವರು ಒಬ್ಬೊಬ್ಬರೇ ಅಂಚಿಗೆ ಹೋಗಿ ಹೂವು ಹಾಕಿ ಬರುತ್ತಿದ್ದರು. ಪ್ರಭುದೇವ ತಾಯಿಯ ಮಂಡಿನೋವಿನ ಕಾಲಿಗೆ ತಕ್ಕಂತೆ ಹೆಜ್ಜೆ ಹಾಕುತ್ತ ಅವರನ್ನು ಕೈ ಹಿಡಿದು ಕರೆದುಕೊಂಡು ಹೋದ. ಶರಣ್ಯ ಕಾರಿನಿಂದ ಇಳಿಯಲಿಲ್ಲ. ಉಳಿದವರೆಲ್ಲ ಹೊಂಗೆಮರದ ಕಡೆ ನಡೆದ ಮೇಲೆ ಹೇಮಶ್ರೀ ಗೌರೀಶನನ್ನು ಮೋರಿಸಿನ ಹಿಂದಕ್ಕೆ ಕರೆದಳು.

"ಗೌರೀಶ್, ಒಂದು ಮಾತು. ಬೆಳಗ್ಗೆ ನಾನು ಕಲ್ಲು ತೆಗೆದು ಏನ್ ಮಾಡ್ದೆ?"

"ಬಿಸಾಕಿದ್ರಿ."

"ಹೊರಗಿನೋರು ಯಾರೇ ಆದ್ರೂ ಅದನ್ನೇ ಮಾಡೋದು. ಗಂಗಾಧರಯ್ಯನೋರ್ನ ಕೊಲ್ಬೇಕು ಅಂತ ಯಾರಾದ್ರೂ ಕಲ್ಲು ತೆಗ್ದಿದ್ರೆ ಇಲ್ಲಿಂದ ಎಸೆದ್ರೆ ಸಾಕಿತ್ತು, ನೀರಿಗೆ ಹೋಗ್ತಿತ್ತು. ಆದ್ರೆ ಈ ಕಲ್ಲು ಡಿಕ್ಕಿಗೆ ಹೋಗಿದೆ. ಬಟ್ಟೆ ಬೇರೆ ಸುತ್ಕೊಂಡು."

"ಅದು ಡಿಕ್ಕಿಯಿಂದ ಇಳ್ದೇ ಇಲ್ಲ ಅಂತ ಎಲ್ಲಾರೂ ಹೇಳ್ತಿದಾರಲ್ಲ ಮೇಡಂ."

"ಎಲ್ಲಾರೂ ಹೇಳ್ತಿದಾರೆ. ನೀವು ಹೇಳ್ತಿದೀರಾ?"

ಗೌರೀಶ್ ಕೆಳಗೆ ನೀರಿನ ಕಡೆ ನೋಡಿದ.

"ಇನ್ನೊಂದು ವಿಷ್ಯ," ಎಂದಳು ಹೇಮಶ್ರೀ. "ಆ ಸೀರೆ ತುಂಡನ್ನ ಟೆಸ್ಟಿಗೆ ಕಳ್ಸಿದ್ವಿ. ಈ ಜಾಗದ್ದೇ ಗರಸು ಮಣ್ಣು ಅದಕ್ಕೆ ಅಂಟಿದೆ. ಅಂದ್ರೆ ಕಲ್ಲು ಇಲ್ಲಿ ಇಳ್ದಿತ್ತು, ಇಲ್ಲೇ ಮೇಲೆ ಹೋಯ್ತು."

"ಸಾಧ್ಯಾನೇ ಇಲ್ಲ. ಕೊಡವಿ, ಒರೆಸಿ..."

ಅವನ ಬಾಯಿ ಅಲ್ಲಿಗೆ ನಿಂತಿತು.

ಟೆಸ್ಟೂ ಇರಲಿಲ್ಲ, ಮಣ್ಣೂ ಇರಲಿಲ್ಲ. ಆ ಸುಳ್ಳನ್ನು ಹೇಮಶ್ರೀ ಕಾರಿನಿಂದ ಇಳಿಯುವಾಗಷ್ಟೇ ಹೊಸೆದಿದ್ದಳು. ಕೋರ್ಟಿನಲ್ಲಿ ಹೇಳಿದ್ದರೆ ಕರಿಕೋಟು ಬಿಚ್ಚಿಡಬೇಕಾಗುತ್ತಿತ್ತು. ಒಂದು ಮಗು ಅನ್ನ ಬಿಟ್ಟು ಕೂತಿರುವಾಗ ಆ ಪಾಪ ತನಗಿರಲಿ ಎಂದುಕೊಂಡಿದ್ದಳು.

"ಹೇಳಿ," ಎಂದಳು.

ಗೌರೀಶ್ ಕಾರಿನ ಮಡ್‌ಗಾರ್ಡಿನ ಮೇಲೆ ಕೂತುಬಿಟ್ಟ. ಬೆಳೆದ ಗಂಡಸು, ಮಲ್ಲೇಶ್ವರದಲ್ಲಿ ನಾಲ್ಕು ಜನ ಎದ್ದು ನಿಲ್ಲುವಂಥ ಮನುಷ್ಯ. ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ.

"ಧೂಳು ಹಂಗೇ ಸುತ್ತಿದ್ರೆ ಶೈಲಜಮ್ಮ ಬೈತಿದ್ರು, ಅವ್ರ ಸೀರೆ ಅದು. ಅದಕ್ಕೇ ಒರೆಸಿ ಸುತ್ತೋ ಅಭ್ಯಾಸ. ಹೌದು ಮೇಡಂ. ಕಲ್ಲು ತೆಗ್ದಿದ್ದು ನಾನು. ಈ ಕೈಯಲ್ಲೇ ತೆಗ್ದೆ."

"ಅಂದ್ರೆ ಶರಣ್ಯ ಇಟ್ಟಿದ್ಲು."

"ಇಟ್ಟಿದ್ಲು. ಗಾಲಿಗೆ ಒತ್ತಿ, ಸರಿಯಾಗಿ ಇಟ್ಟಿದ್ಲು ಮೇಡಂ ಆ ಮಗು. ಅಜ್ಜ ಹೇಳ್ಕೊಟ್ಟಂಗೇ."

ಇದೇ ಮಾತು ಬೇಕಿತ್ತು ಆ ಹುಡುಗಿಗೆ, ಇದೊಂದೇ ಮಾತು. ಇದನ್ನು ಇಷ್ಟು ದಿನ ನುಂಗಿಕೊಂಡು ಕೂತಿದ್ದಾನಲ್ಲ ಎಂದು ಹೇಮಶ್ರೀಗೆ ಅವನ ಮೇಲೆ ಉರಿದುಬಂತು.

"ಯಾಕ್ ತೆಗ್ದ್ರಿ? ಅಪ್ಪ ಮಾಡದ್ದು ಮಾಡಿದ್ರು ಅಂದ್ರಲ್ಲ, ಅವ್ರ ಗಾಡಿ ಕಲ್ಲು ಯಾಕ್ ತೆಗ್ದ್ರಿ?"

"ತೆಗಿ ಅಂದ್ರು, ತೆಗ್ದೆ! ಕಲ್ಲು ಅಂತ ಕೂಗಿದ್ರೆ ಹತ್ರ ಇರೋರು ತೆಗೀಬೇಕು, ಅದು ನಮ್ಮಲ್ಲಿ ಪದ್ಧತಿ. ನಾನು ಫ್ಲಾಸ್ಕ್ ತಗೊಳೋಕೆ ಅಂತ ಮರದ ಹತ್ರದಿಂದ ನನ್ ಗಾಡಿಗೆ ಬಂದೆ. ಗಂಗೆಯಿಂದ ಕೂಗಿದ್ರು. 'ಕಲ್ಲು ಗೌರೀಶಣ್ಣ, ಬಿಸಿಲು ಹೊಡೀತಿದೆ, ಗಾಡಿ ನೆರಳಿಗೆ ಹಾಕ್ತೀನಿ' ಅಂತ. ಹೋಗಿ ತೆಗ್ದೆ, ಒರೆಸ್ದೆ, ಡಿಕ್ಕಿಗಿಟ್ಟೆ, ಎರಡು ಸಲ ತಟ್ದೆ. ಫ್ಲಾಸ್ಕ್ ತಗೊಂಡು ವಾಪಸ್ ಮರದ ಹತ್ರ ಹೋದೆ. ಕೂತ್ಕೊಳೋಷ್ಟ್ರಲ್ಲಿ ಸದ್ದು ಕೇಳಿಸ್ತು."

"ಗಂಗಾಧರಯ್ಯ ನಿಮ್ಮನ್ನ ಗೌರೀಶಣ್ಣ ಅಂತಿದ್ರಾ?"

ಅವನು ಮುಖದಿಂದ ಕೈ ತೆಗೆದ.

"ಗಂಗಾಧರಯ್ಯನೋರು ಎಡಗಡೆ ಸೀಟಿಗೆ ಸರ್ಕೊಂಡಿದ್ರು ಮೇಡಂ. ತಲೆ ಹಿಂದಕ್ಕೆ ಹಾಕ್ಕೊಂಡು ನಿದ್ದೆ ಮಾಡ್ತಿದ್ರು."

ಶವ ಸಿಕ್ಕಿದ್ದು ಎಡಗಡೆಯ ಬಾಗಿಲ ಹತ್ತಿರ. ಉರುಳಿದ ರಭಸಕ್ಕೆ ಡ್ರೈವರ್ ಸೀಟಿನಿಂದ ಆ ಕಡೆ ಜಾರಿದ್ದಾರೆ ಎಂದು ಪೊಲೀಸರು ಹೇಳಿದ್ದರು, ಹೇಮಶ್ರೀಯೂ ಒಪ್ಪಿಕೊಂಡಿದ್ದಳು. ಅವರು ಜಾರಿರಲಿಲ್ಲ. ಅವರು ಕೂತಿದ್ದೇ ಅಲ್ಲಿ.

"ಹಾಗಾದ್ರೆ ಬ್ರೇಕ್ ಮೇಲೆ ಕಾಲಿಟ್ಟಿದ್ದು ಯಾರು? ಸ್ಟಿಯರಿಂಗಲ್ಲಿ ಯಾರಿದ್ರು ಗೌರೀಶ್?"

ಗೌರೀಶ್ ಅಂಚಿನ ಕಡೆ ನೋಡಿದ. ಅಲ್ಲಿ ಪ್ರಭುದೇವ ತಾಯಿಗೆ ಹೂವಿನ ಬುಟ್ಟಿ ಹಿಡಿದುಕೊಂಡು ನಿಂತಿದ್ದ. ಗಾಳಿಗೆ ಅವರ ಸೆರಗು ಹಾರದಂತೆ ಇನ್ನೊಂದು ಕೈಯಲ್ಲಿ ಹಿಡಿದಿದ್ದ.

"ಅವ್ರು," ಎಂದ.

"ಅವತ್ತು ಅವ್ರು ತರಗುಪೇಟೆ ಅಂಗಡೀಲಿದ್ರು. ತೊಗರಿಬೇಳೆ ಲೋಡ್ ಇಳಿಸ್ಕೋತಿದ್ರು ಅಂತ ಪೊಲೀಸ್ರಿಗೆ ಹೇಳಿದಾರೆ."

"ಹೇಳಿದ್ದು ನಾನೂ ಕೇಳಿದೀನಿ. ತಮ್ಮ ಕಾರು ಕೆಳಗಿನ ತಿರುವಲ್ಲಿ ಬಿಟ್ಟು ನಡ್ಕೊಂಡು ಬಂದಿದ್ರು ಅನ್ಸುತ್ತೆ. ಅಪ್ಪ ಮಗಂಗೆ ಗಂಗೆ ನಿಲ್ಸೋ ಆ ಶೆಡ್ ಕೆಡವೋ ವಿಚಾರಕ್ಕೆ ಮಾತು ನಿಂತು ವರ್ಷ ಆಗಿತ್ತು. ಒಟ್ಟಿಗೆ ಕೂತಿದ್ದು ನೋಡಿ ನಂಗೆ ಖುಷಿ ಆಯ್ತು ಮೇಡಂ. ರಾಜಿ ಆದ್ರು ಅಂದ್ಕೊಂಡೆ. ಅದಕ್ಕೇ ಮಾತಾಡ್ಸ್ದೆ ಹೊರಟುಬಂದೆ."

"ಆಮೇಲೆ?"

"ಆಮೇಲೆ ಎಲ್ಲಾರೂ ಓಡಿದ್ವಿ. ಅವ್ರು ಅಲ್ಲಿರ್ಲಿಲ್ಲ. ನಾನು ಬಾಯಿ ಬಿಡೋಷ್ಟ್ರಲ್ಲಿ ಸುತ್ತ ನಿಂತೋರು ಶರಣ್ಯನ್ನ ಕೇಳ್ತಿದ್ರು, ಕಲ್ಲು ಇಟ್ಟಿದ್ಯೇನೇ ಅಂತ. ಫೋನ್ ಹೋದ್ಮೇಲೆ ಅವ್ರು ಬೆಂಗಳೂರಿಂದ ಬಂದೋರ ಥರ ಬಂದ್ರು. ಬಂದು ನನ್ನ ತಬ್ಕೊಂಡು ಅತ್ರು. ಅಳ್ತಾ ಅಳ್ತಾ ಕಿವೀಲಿ, 'ಕಲ್ಲಿಗೆ ನೀವು ಕೈ ಹಾಕಿದ್ದನ್ನ ನಾನು ಯಾರ್ಗೂ ಹೇಳಲ್ಲ ಗೌರೀಶಣ್ಣ' ಅಂದ್ರು."

ಗೌರೀಶ್ ತನ್ನ ಎರಡೂ ಅಂಗೈಗಳನ್ನು ಅವಳ ಮುಂದೆ ಚಾಚಿದ.

"ನೋಡ್ದೋರು ಯಾರೂ ಇಲ್ಲ. ಕಲ್ಲು ಮುಟ್ಟಿದ್ದು ನನ್ ಕೈ. ಅವ್ರು ಅಲ್ಲಿದ್ರು ಅಂತ ನಾನು ಹೇಳಿದ್ರೆ ಯಾರು ನಂಬ್ತಾರೆ? ಬ್ರೇಕ್ ಮೇಲಿಂದ ಕಾಲು ಜಾರಿ ಹೊರಗೆ ಹಾರ್ಕೊಂಡ್ರೋ, ಕಾಲು ತೆಗ್ದು ಇಳ್ದ್ಬಿಟ್ರೋ, ಅದೂ ಗೊತ್ತಿಲ್ಲ ನಂಗೆ. ಬೇಕೂಂತ ಮಾಡಿದ್ರು ಅಂತ ಹೆಂಗ್ ಹೇಳ್ಲಿ?"

ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳುವುದು? ಅಪ್ಪನ ಪಕ್ಕ ಕೂತು ಕಲ್ಲು ತೆಗೆಸಿದವನು. ಅದು ಕೈತಪ್ಪೇ ಇರಲಿ, ಕೊಲೆಯೇ ಇರಲಿ, ಮಗಳು ಇಟ್ಟ ಕಲ್ಲನ್ನು ಕಣ್ಣಾರೆ ಕಂಡವನು. ಅದನ್ನು ಕಂಡೂ ನೀನು ಇಟ್ಟಿರಲಿಲ್ಲ, ಒಪ್ಪಿಕೋ ಎಂದು ಅವಳಿಗೆ ದಿನವೂ ಹೇಳುತ್ತ ಬಂದವನು.

"ನಾಳೆ ಇದನ್ನೇ ಇನ್ಸ್‌ಪೆಕ್ಟರ್ ಮುಂದೆ ಹೇಳ್ತೀರಾ?"

"ಹೇಳಿದ್ರೆ ನಾನೂ ಒಳಗೆ ಹೋಗ್ತೀನಿ."

"ಹೇಳದಿದ್ರೆ ಆ ಹುಡುಗಿ ಸಾಯ್ತಾಳೆ. ನೀವೇ ಆರಿಸ್ಕೊಳಿ."

ಗೌರೀಶ್ ಕಣ್ಣೊರೆಸಿಕೊಂಡು ಎದ್ದು ನಿಂತ. "ಹೇಳ್ತೀನಿ ಮೇಡಂ. ಆ ಮಗು ಮುಖ ನನ್ ಕೈಲಿ ಇನ್ನು ನೋಡಕ್ಕಾಗಲ್ಲ. ಏನಾಗುತ್ತೋ ಆಗ್ಲಿ, ಹೇಳ್ತೀನಿ."

"ಏನು ಹೇಳ್ತೀರಾ ಅಂಕಲ್?"

ಇಬ್ಬರೂ ತಿರುಗಿದರು. ಮೋರಿಸಿನ ಆ ಬದಿಯಲ್ಲಿ ಶರಣ್ಯ ನಿಂತಿದ್ದಳು. ಯಾವಾಗ ಬಂದಳೋ, ಎಷ್ಟು ಕೇಳಿಸಿಕೊಂಡಳೋ ಎಂದು ಕೇಳುವ ಅಗತ್ಯವಿರಲಿಲ್ಲ. ಅವಳ ಮುಖದಲ್ಲಿ ರಕ್ತವೇ ಇರಲಿಲ್ಲ. ಒಂದು ಕೈ ಕಾರಿನ ಬಾಗಿಲನ್ನು ಬಿಗಿಯಾಗಿ ಹಿಡಿದಿತ್ತು.

"ಶರಣ್ಯ," ಎಂದಳು ಹೇಮಶ್ರೀ, ಮೆಲ್ಲಗೆ ಹತ್ತಿರ ಹೋಗುತ್ತ. "ನೀನು ಇಟ್ಟಿದ್ದೆ ಕಣಮ್ಮ. ನೋಡಿದೋರು ಇದಾರೆ. ನಿನ್ನ ತಪ್ಪು ಏನೂ ಇಲ್ಲ. ಕೇಳಿಸ್ತಾ? ಏನೂ ಇಲ್ಲ."

ಒಂದು ಕ್ಷಣ ಆ ಹುಡುಗಿಯ ಕಣ್ಣು ತುಂಬಿ ಬಂತು. ಭುಜಗಳು ಸಡಿಲವಾದವು. ಕಟ್ಟಿಕೊಂಡಿದ್ದ ಉಸಿರನ್ನು ಹೊರಬಿಟ್ಟಳು. ಆಮೇಲೆ ಅವಳು ಅಂಚಿನ ಕಡೆ ನೋಡಿದಳು. ಅಪ್ಪ ಅಜ್ಜಿಯ ಕೈ ಹಿಡಿದುಕೊಂಡು ಇತ್ತ ಬರುತ್ತಿದ್ದ. ಅಜ್ಜಿ ಅವನ ತೋಳಿಗೆ ಪೂರ್ತಿ ಭಾರ ಬಿಟ್ಟುಕೊಂಡಿದ್ದರು.

ಶರಣ್ಯ ಕಣ್ಣೊರೆಸಿಕೊಂಡಳು.

"ಇಲ್ಲ ಮೇಡಂ. ನಂಗೆ ಈಗ ನೆನಪಾಯ್ತು. ನಾನು ಇಟ್ಟಿರ್ಲಿಲ್ಲ."

"ಶರಣ್ಯಾ!"

"ಬಡ್ಸೋಕೆ ಲೇಟಾಗುತ್ತೆ ಅಂತ ಹಂಗೇ ಓಡ್ಹೋದೆ. ಡಿಕ್ಕಿ ತೆಗೀಲೇ ಇಲ್ಲ. ಅಂಕಲ್ ನನ್ನ ಉಳ್ಸೋಕೆ ಏನೋ ಹೇಳ್ತಿದಾರೆ."

"ಸುಳ್ಳು ಹೇಳ್ಬೇಡ ಪುಟ್ಟಾ. ನಾನೇ ತೆಗ್ದಿದೀನಿ..." ಎಂದ ಗೌರೀಶ್.

"ಇಲ್ಲ ಅಂಕಲ್. ನೀವು ಏನೂ ನೋಡಿಲ್ಲ." ಅವಳ ದನಿಯಲ್ಲಿ ನಡುಕವೇ ಇರಲಿಲ್ಲ. "ಅಜ್ಜಿಗೆ ಈಗ ಉಳ್ದಿರೋದು ಅಪ್ಪ ಒಬ್ರೇ. ನೀವು ಏನೂ ನೋಡಿಲ್ಲ."

ಗೌರೀಶ್ ಹೇಮಶ್ರೀಯನ್ನು ನೋಡಿದ, ಹುಡುಗಿಯನ್ನು ನೋಡಿದ. ಆಗಷ್ಟೇ ನೆಟ್ಟಗಾಗಿದ್ದ ಅವನ ಬೆನ್ನು ಮತ್ತೆ ಬಾಗಿತು. ತಲೆ ತಗ್ಗಿಸಿಕೊಂಡ.

ಪ್ರಭುದೇವ ಹತ್ತಿರ ಬಂದ. ಮೂವರ ಮುಖವನ್ನೂ ನೋಡಿದ. "ಏನಮ್ಮ?" ಎಂದು ಮಗಳನ್ನು ಕೇಳಿದ.

"ನಾಳೆ ಸ್ಟೇಷನ್ನಲ್ಲಿ ಸೈನ್ ಮಾಡ್ತೀನಪ್ಪ. ಕಲ್ಲು ನಾನು ಇಟ್ಟಿರ್ಲಿಲ್ಲ. ಮೇಡಂಗೂ ಅದನ್ನೇ ಹೇಳ್ದೆ."

ಅವನು ಮಗಳ ಕಣ್ಣಿಗೆ ಕಣ್ಣು ಕೂಡಿಸಲು ನೋಡಿದ, ಆಗಲಿಲ್ಲ. ಆಮೇಲೆ ಅವಳ ತಲೆಯ ಮೇಲೆ ಕೈಯಿಟ್ಟು, "ಒಳ್ಳೇದಮ್ಮ. ನಾನಿದೀನಲ್ಲ," ಎಂದ.

ಹೇಮಶ್ರೀ ಆ ಕೈಯನ್ನೇ ನೋಡುತ್ತಿದ್ದಳು.

ಶೈಲಜಮ್ಮ ಮಗನ ತೋಳಿನಿಂದ ತಮ್ಮ ಕೈ ಬಿಡಿಸಿಕೊಂಡರು. ಮಂಡಿಯ ನೋವನ್ನು ಹಲ್ಲುಕಚ್ಚಿ ತಡೆದುಕೊಂಡು, ಯಾರ ಆಸರೆಯೂ ಇಲ್ಲದೆ ಹೇಮಶ್ರೀಯ ಎದುರಿಗೆ ಬಂದು ನಿಂತರು.

"ಇವರೆಲ್ಲ ಏನಾದ್ರೂ ಹೇಳ್ಕೊಳ್ಲಿ. ನಾನು ಕೇಸು ಕೊಟ್ಟಿರೋದು ನಿಂಗೆ," ಎಂದರು. "ನೀನು ಹೇಳು ವಕೀಲಮ್ಮ. ನನ್ ಮೊಮ್ಮಗಳು ಕಲ್ಲು ಇಟ್ಟಿದ್ಲೋ, ಇಲ್ವೋ?"

ಶರಣ್ಯ ಅಜ್ಜಿಯ ಬೆನ್ನ ಹಿಂದೆ ನಿಂತು, ಬೇಡ ಎಂದು ಹೇಮಶ್ರೀಗೆ ಕೈಮುಗಿಯುತ್ತಿದ್ದಳು.